ತೆಳುರಕ್ತದ ಸದ್ದು

ಶಿಫಾನಾಳನ್ನು ಕೋಡಿಪಡುವಿನ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ತಂದದ್ದು ಮೀನು ಸಾಗಿಸುವ ಗಾಡಿಯಲ್ಲಿ. ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ. ಏಳು ತಿಂಗಳ ಬಸುರಿ. ಮಗುವನ್ನು ಪೋಷಿಸುವ ಮಾಸು ಗರ್ಭಕೋಶದ ಗೋಡೆಯಿಂದ ಕಿತ್ತುಕೊಂಡು ಆಗಲೇ ಮೂರು ತಾಸಾಗಿತ್ತು. ಮಗು ಉಳಿಯಲಿಲ್ಲ. ತಾಯಿ ಉಳಿದಳು, ಹತ್ತೊಂಬತ್ತು ದಿನ ತೀವ್ರ ನಿಗಾ ಘಟಕದಲ್ಲಿದ್ದು, ಊರೆಲ್ಲ ಹುಡುಕಿ ತಂದ ರಕ್ತ ಹಾಕಿಸಿಕೊಂಡು.

ಹೆರಿಗೆ ವಾರ್ಡಿನ ಹಿರಿಯ ನರ್ಸ್ ಸುಗಂಧಿ ಮೆಂಡನ್ ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದವಳು. ಇಪ್ಪತ್ತನೆಯ ದಿನ ಶಿಫಾನಾಳನ್ನು ಮನೆಗೆ ಕಳಿಸುವ ಕಾಗದಕ್ಕೆ ಸಹಿ ಹಾಕುವಾಗ ಅವಳ ಕೈ ನಿಂತಿತು. ಅಷ್ಟು ದಿನದ ಚಿಕಿತ್ಸೆಗೆ ಸರ್ಕಾರ ಕೊಟ್ಟ ಹಣದಲ್ಲಿ ಮುನ್ನೂರು ಬಸುರಿಯರ ಹೊಟ್ಟೆಗೆ ಮಡಿಲುಪಟ್ಟಿ ಕಟ್ಟಬಹುದಿತ್ತು. ಶಿಫಾನಾಳಿಗೆ ಒಂದು ಪಟ್ಟಿ ಕಟ್ಟಿದ್ದರೆ ಮಗುವೂ ಇರುತ್ತಿತ್ತೇನೋ. ಆದರೆ ಹಾಗೆ ಕಟ್ಟಲು ಕಾನೂನು ಬಿಡುತ್ತಿರಲಿಲ್ಲ.

ಮಡಿಲುಪಟ್ಟಿ ಬಂದು ಆಗ ಹನ್ನೊಂದು ವರ್ಷವಾಗಿತ್ತು. ಅಂಗೈಯಗಲದ ಮೆತ್ತನೆಯ ಪಟ್ಟಿ. ಒಳಗೆ ಅಕ್ಕಿಕಾಳಿನಷ್ಟು ಸಣ್ಣ ಅರವತ್ತು ಶ್ರವಣಬಿಂದುಗಳು. ಮಾಸಿನೊಳಗೆ ರಕ್ತ ಹರಿಯುವ ಸದ್ದನ್ನು ಅವು ಹಗಲಿರುಳು ಕೇಳಿ ದಾವಣಗೆರೆಯ ನಿಯಂತ್ರಣ ಕೊಠಡಿಗೆ ಕಳಿಸುತ್ತಿದ್ದವು. ಅಲ್ಲಿನ ಯಂತ್ರ ಲಕ್ಷಾಂತರ ತಾಯಂದಿರ ಸದ್ದು ಕೇಳಿ ಕಲಿತದ್ದು. ಎಲ್ಲ ಸರಿಯಿದ್ದರೆ ಹಸಿರು ದೀಪ, ಅನುಮಾನವಿದ್ದರೆ ಹಳದಿ, ಅಪಾಯಕ್ಕೆ ಕೆಂಪು. ಕೆಂಪು ಬಿದ್ದ ಕೂಡಲೇ ಹತ್ತಿರದ ಆಂಬುಲೆನ್ಸ್ ಹೊರಡುತ್ತಿತ್ತು. ರಾಜ್ಯದ ಜನ ಈ ವ್ಯವಸ್ಥೆಗೆ ತಾಯ್ತನದ ಸೆಸ್ ಎಂಬ ತೆರಿಗೆ ಕೊಡುತ್ತಿದ್ದರು. ಆದ್ದರಿಂದ ಪಟ್ಟಿ ಸಿಗುತ್ತಿದ್ದದ್ದು ತಾಯಿ ಕಾರ್ಡ್ ಇದ್ದ ನಾಡಿನ ಹೆಂಗಸರಿಗೆ ಮಾತ್ರ.

ಅಳಿವೆಯ ಆಚೆ ದಡದಲ್ಲಿ ತಗಡಿನ ಮನೆ ಕಟ್ಟಿಕೊಂಡಿದ್ದ ದ್ವೀಪದವರಿಗೆ ಆ ಕಾರ್ಡ್ ಇರಲಿಲ್ಲ. ಮಾಲ್ದೀವ್ಸ್‌ನ ದಕ್ಷಿಣದ ಹವಳದ್ವೀಪಗಳು ಮುಳುಗಿದ ಮೇಲೆ ಬಂದ ನಾಲ್ಕು ಸಾವಿರ ಜನ ಅವರು. ಗಂಡಸರು ಬೋಟುಗಳಲ್ಲಿ, ಹೆಂಗಸರು ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಪ್ರಾಣಕ್ಕೆ ಬಂದಾಗ ಮಾತ್ರ ಅವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ. ಪ್ರಾಣಕ್ಕೆ ಬರದಂತೆ ನೋಡಿಕೊಳ್ಳುವುದಕ್ಕೆ ಹಣವಿಲ್ಲ.

ಶಿಫಾನಾಳ ತಂಗಿ ಹವ್ವಾ ಅಕ್ಕನ ಬಟ್ಟೆಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತನಾಲ್ಕರ ಹೆಣ್ಣು. ಕಾರ್ಖಾನೆಯಲ್ಲಿ ಕಲಿತ ಕನ್ನಡ.

"ಸಿಸ್ಟರ್, ನನಗೂ ಮೂರು ತಿಂಗಳು," ಎಂದಳು. "ಆ ಪಟ್ಟಿ ನನಗೆ ಸಿಗ್ತದಾ?"

"ಕಾರ್ಡ್ ಉಂಟಾ ಮಗಾ?"

"ಇಲ್ಲ. ಆದ್ರೆ ಸಾಬೂನು ತಗೊಳ್ಳುವಾಗ, ಬಸ್ಸು ಹತ್ತುವಾಗ ನಾವೂ ತೆರಿಗೆ ಕೊಡ್ತೇವೆ. ಅದಕ್ಕೆ ಒಂದು ಸಣ್ಣ ಪಟ್ಟಿಯಾದ್ರೂ ಬರೂದಿಲ್ವಾ?"

ಅವಳು ತಮಾಷೆ ಮಾಡುತ್ತಿದ್ದಾಳೋ ನಿಜವಾಗಿ ಕೇಳುತ್ತಿದ್ದಾಳೋ ಸುಗಂಧಿಗೆ ತಿಳಿಯಲಿಲ್ಲ. ಮಧ್ಯಾಹ್ನ ಉಗ್ರಾಣಕ್ಕೆ ಹೋದಾಗ ಮೂಲೆಯಲ್ಲಿ ಒಂದು ಗೋಣಿಚೀಲ ಕಂಡಿತು. ಕೆಟ್ಟುಹೋದ ಪಟ್ಟಿಗಳು, ನಲವತ್ತೊಂದು. ಗುಜರಿಗೆ ಹೋಗಬೇಕಾದವು. ಸುಗಂಧಿ ಚೀಲವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಗೆ ತಂದಳು.

ಅವಳ ಗಂಡ ವಾಮನ ಬೋಟಿನ ಮೋಟಾರು ರಿಪೇರಿ ಮಾಡುವವನು. ಮನೆಯ ಮುಂದೆಯೇ ಶೆಡ್ಡು. ಅವನು ಚೀಲದ ಬಾಯಿ ಬಿಚ್ಚಿ ನೋಡಿ ಮುಖ ಕಿವುಚಿದ.

"ಇದು ಆಸ್ಪತ್ರೆಯದ್ದಲ್ವಾ? ಎಂಥಕ್ಕೆ ತಂದದ್ದು?"

ಸುಗಂಧಿ ಹೇಳಿದಳು.

"ನಿನಗೆ ಹುಚ್ಚು ಮಾರಾಯ್ತಿ. ಪ್ರತಿ ವರ್ಷ ಮಾರ್ಚಿನಲ್ಲಿ ಸೆಸ್ ಕಟ್ಟೂದು ನಾನು. ನನ್ನ ಅಕ್ಕನ ಮಗಳು ಪಟ್ಟಿಗೆ ಎರಡು ತಿಂಗಳು ಕಾದಿದ್ದಾಳೆ, ನೆನಪುಂಟಾ? ಇಲ್ಲಿಯವರಿಗೇ ಸಾಲೂದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಒಂದೇ ಕೊಡದ ನೀರು ಎಷ್ಟು ಜನಕ್ಕೆ ಹಂಚೂದು?"

"ಇದು ಯಾರಿಗೂ ಕೊಡುವ ಪಟ್ಟಿ ಅಲ್ಲ. ಗುಜರಿ."

"ಗುಜರಿ ಆದ ಮೇಲೆ ಇದು ಕೇಳಿಸಿಕೊಳ್ತದಾ?"

"ಅದನ್ನು ನೀವೇ ಹೇಳ್ಬೇಕು."

ವಾಮನ ಒಂದು ಪಟ್ಟಿಯ ಅಂಚನ್ನು ಚಾಕುವಿನಿಂದ ಬಿಡಿಸಿದ. ಒಳಗಿನ ತಂತಿಗಳ ಮೇಲೆ ಬಿಳಿ ಪುಡಿ ಕಟ್ಟಿತ್ತು. ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿ ನೋಡಿದ.

"ಉಪ್ಪು," ಎಂದ. "ಬೆವರು ಒಳಗೆ ಹೋಗಿದೆ. ಇದನ್ನು ಮಾಡಿದವನು ಏಸಿ ರೂಮಿನಲ್ಲಿ ಕೂತು ಮಾಡಿದ್ದು. ನಮ್ಮ ಮೋಟಾರು ಇಡೀ ವರ್ಷ ಕಡಲಲ್ಲಿ ಇರ್ತದೆ, ಒಂದು ಹನಿ ಉಪ್ಪುನೀರು ಒಳಗೆ ಬಿಡೂದಿಲ್ಲ."

ಕಾನೂನಿನ ಬಗ್ಗೆ ಅವನ ಅಭಿಪ್ರಾಯವೇನೂ ಬದಲಾಗಲಿಲ್ಲ. ಸರಿಯಾಗಿ ಮಾಡದ ಕೆಲಸ ನೋಡಿ ಸುಮ್ಮನಿರಲು ಆಗಲಿಲ್ಲ, ಅಷ್ಟೆ. ತಂತಿ ತೊಳೆದು, ಮೋಟಾರಿಗೆ ಹಚ್ಚುವ ಅಂಟನ್ನು ತೆಳ್ಳಗೆ ಬಳಿದು ಮೊದಲ ಪಟ್ಟಿಯನ್ನು ಸಂಜೆಯೊಳಗೆ ಮುಗಿಸಿದ. ಎರಡು ವಾರದಲ್ಲಿ ನಲವತ್ತೊಂದೂ ಸಿದ್ಧವಾದವು. ಭಾನುವಾರ ತನ್ನದೇ ದೋಣಿಯಲ್ಲಿ ಹೆಂಡತಿಯನ್ನು ಆಚೆ ದಡಕ್ಕೆ ಕರೆದುಕೊಂಡೂ ಹೋದ. ಅಂಟು ಯಾರ ಮೈಗಾದರೂ ತುರಿಕೆ ತರುತ್ತದೋ ನೋಡಬೇಕು ಎಂಬುದು ಅವನ ನೆಪ.

ಮೊದಲ ಪಟ್ಟಿ ಹವ್ವಾಳಿಗೆ. ಶಿಫಾನಾ ಮನೆಮನೆಗೆ ಹೋಗಿ ಉಳಿದ ಬಸುರಿಯರನ್ನು ಕರೆತಂದಳು.

ಮರುದಿನವೇ ದಾವಣಗೆರೆಯಿಂದ ಕರೆ ಬಂತು. ನಿಯಂತ್ರಣ ಕೊಠಡಿಯಲ್ಲಿ ಕರಾವಳಿಯ ಪಟ್ಟಿಗಳನ್ನು ನೋಡಿಕೊಳ್ಳುತ್ತಿದ್ದವನು ಈರಣ್ಣ ಬಳಿಗಾರ, ಗದಗದ ಕಡೆಯ ತಂತ್ರಜ್ಞ.

"ಅಕ್ಕಾರ, ನಮ್ಮ ಪುಸ್ತಕದಾಗ ಸತ್ತು ಹೋಗಿದ್ದ ನಲವತ್ತೊಂದು ಪಟ್ಟಿ ನಿನ್ನೆ ಎದ್ದು ಕುಂತಾವ್ರಿ. ಹೆಸರಿಲ್ಲ, ಕಾರ್ಡಿಲ್ಲ. ನಿಮ್ಮ ಆಸ್ಪತ್ರೆದ್ದ ಅಲ್ಲೇನ್ರಿ?"

ಸುಳ್ಳು ಹೇಳುವುದು ಸುಗಂಧಿಗೆ ಬಾರದು. ನಡೆದದ್ದನ್ನು ನಡೆದ ಹಾಗೆ ಹೇಳಿದಳು.

"ನಾ ಇದನ್ನ ಮ್ಯಾಲಿನವರಿಗೆ ಹೇಳಬೇಕಾಕ್ಕೈತ್ರಿ. ಆದ್ರ ಒಂದು ಮಾತು. ನಲವತ್ತೊಂದಕ್ಕೂ ಹಳದಿ ದೀಪ ಹತ್ತೈತಿ. ಯಂತ್ರಕ್ಕ ಇವರ ಸದ್ದು ತಿಳೀವಲ್ದು. ಯಾಕಂತ ನನಗ ಗೊತ್ತಾಗೂತನಕ ಸುಮ್ಮನಿರ್ತೀನ್ರಿ."

ಕಾರಣ ಸಿಕ್ಕಿದ್ದು ಸುಗಂಧಿ ಆ ಬಸುರಿಯರಿಗೆ ಮಾಡಿಸಿದ ರಕ್ತಪರೀಕ್ಷೆಯಿಂದ. ಆ ದ್ವೀಪಗಳ ಜನರಲ್ಲಿ ಥಲಸೀಮಿಯಾದ ಅಂಶ ಹೊತ್ತವರು ಬಹಳ. ಅದು ಕಾಯಿಲೆಯಲ್ಲ, ಕೆಂಪು ಕಣಗಳು ಚಿಕ್ಕವಾಗಿ ರಕ್ತ ಸ್ವಲ್ಪ ತೆಳುವಾಗುತ್ತದೆ, ಅಷ್ಟೆ. ಬಸುರಿನಲ್ಲಿ ಇನ್ನಷ್ಟು ತೆಳು. ವರದಿ ಕಳಿಸಿದ ದಿನ ಈರಣ್ಣನ ದನಿಯಲ್ಲಿ ಉಮೇದು ಬಂದಿತ್ತು.

"ಕಾಲುವ್ಯಾಗ ನೀರು ಹರದ್ರ ಸಪ್ಪಳ ಬರ್ತೈತಿ. ಗಟ್ಟಿ ಕಾಕಂಬಿ ಹರದ್ರ ಬರ್ತೈತೇನ್ರಿ? ನಮ್ಮ ಯಂತ್ರ ಇಷ್ಟು ವರ್ಷ ದಪ್ಪ ರಕ್ತದ ಸದ್ದನ್ನ ಕೇಳೈತಿ. ಇವರ ಮಾಸಿನ್ಯಾಗ ಒಂದೊಂದು ಸುಳಿಯ ಸಪ್ಪಳಾನೂ ಬಿಡಿಬಿಡಿಯಾಗಿ ಕೇಳಸ್ತೈತ್ರಿ ಅಕ್ಕಾರ. ನಾವು ಹಿಂತಾದ್ದು ಎಂದೂ ಕೇಳಿಲ್ಲ."

ನವೆಂಬರಿನ ಒಂದು ಮಧ್ಯಾಹ್ನ ಆಚೆ ದಡದ ಆಮಿನಾ ಎಂಬವಳ ದೀಪ ಕೆಂಪಾಯಿತು. ವಾಮನ ಆಗ ಅಲ್ಲೇ ಇದ್ದ, ಪಟ್ಟಿಯೊಂದರ ಅಂಚು ಸರಿಮಾಡುತ್ತ. ಅವಳನ್ನು ದೋಣಿಯಲ್ಲಿ ಮಲಗಿಸಿ ಹನ್ನೆರಡು ನಿಮಿಷದಲ್ಲಿ ಆಸ್ಪತ್ರೆಯ ಕಟ್ಟೆಗೆ ತಂದ. ಮಾಸು ಆಗಷ್ಟೇ ಬಿಡಲು ಶುರುವಾಗಿತ್ತು. ತಾಯಿ ಮಗು ಇಬ್ಬರೂ ಉಳಿದರು. ಆ ದಿನದಿಂದ ವಾಮನ ಸೆಸ್ಸಿನ ಮಾತೆತ್ತಲಿಲ್ಲ. ದೋಣಿಯನ್ನು ಮಾತ್ರ ಸದಾ ಚಾರ್ಜ್ ಮಾಡಿ ಇಡತೊಡಗಿದ.

ಈರಣ್ಣ ಆಮಿನಾಳ ಹಿಂದಿನ ಎರಡು ವಾರದ ಸದ್ದನ್ನು ಹಿಮ್ಮುಖವಾಗಿ ಕೇಳುತ್ತ ಹೋದ. ಕೆಂಪು ದೀಪಕ್ಕಿಂತ ಒಂಬತ್ತು ದಿನ ಮೊದಲು, ಮಾಸಿನ ಅಂಚಿನಲ್ಲಿ, ಎದೆಬಡಿತದ ಹಿಂದೆಯೇ ಇನ್ನೊಂದು ಸಣ್ಣ ಬಡಿತ. ಒಂದರ ಬೆನ್ನಿಗೆ ಇನ್ನೊಂದು. ಬಿಡಲಿರುವ ಅಂಚಿನ ಕೆಳಗೆ ರಕ್ತ ಸುತ್ತಿ ಬರುವ ಸದ್ದು ಅದು. ಈ ಜೋಡಿಬಡಿತ ನಾಡಿನ ಹೆಂಗಸರಲ್ಲೂ ಇರಬಹುದೇ? ಹನ್ನೊಂದು ವರ್ಷದಲ್ಲಿ ಹೀಗೆ ಮಾಸು ಕಿತ್ತುಹೋದ ಹನ್ನೆರಡು ಸಾವಿರ ತಾಯಂದಿರ ದಾಖಲೆ ಕೊಠಡಿಯಲ್ಲಿತ್ತು. ಅದನ್ನೆಲ್ಲ ಹೊಸದಾಗಿ ಕೇಳಿಸಿಕೊಳ್ಳಲು ಯಂತ್ರದ ಒಂದು ಪ್ರತಿಗೆ ಹೇಳಿದ. ಮಾಮೂಲಿ ಕೆಲಸದ ಸಂದಿನಲ್ಲಿ ಅದು ಮುಗಿಯಲು ಮೂರು ತಿಂಗಳು ಹಿಡಿಯಿತು.

ಉತ್ತರ ಬಂದದ್ದು ಫೆಬ್ರವರಿಯ ಕೊನೆಯ ವಾರ. ಹತ್ತರಲ್ಲಿ ಎಂಟು ತಾಯಂದಿರಲ್ಲಿ ಅದೇ ಜೋಡಿಬಡಿತ, ದಪ್ಪ ರಕ್ತದ ಗದ್ದಲದಲ್ಲಿ ಹೂತುಹೋಗಿತ್ತು. ಹೀಗೆ ಇರುತ್ತದೆಂದು ಗೊತ್ತಿಲ್ಲದ್ದರಿಂದ ಯಾರೂ ಹುಡುಕಿರಲಿಲ್ಲ. ಅದೇ ದಿನ, ಜೋಡಿಬಡಿತ ಗುರುತಿಸಲು ಕಲಿತ ಯಂತ್ರದ ಆ ಪ್ರತಿಗೆ, ಆ ಹೊಸ ಕಿವಿಗೆ, ಇನ್ನೊಂದು ಜೋಡಿಬಡಿತ ಕೇಳಿಸಿತು. ಅದು ಹವ್ವಾಳದ್ದು.

"ಅಕ್ಕಾರ, ಎಂಟೊಂಬತ್ತು ದಿನದಾಗ ಆಕಿದು ಬಿಡತೈತ್ರಿ," ಎಂದ ಈರಣ್ಣ. "ಹಳೇ ಯಂತ್ರ ಇನ್ನೂ ಹಳದೀನ ತೋರಸಾಕತ್ತೈತಿ. ಇನ್ನ ಮುಚ್ಚಿಡೂದು ಬ್ಯಾಡ್ರಿ. ನಾ ಇವತ್ತ ಎಲ್ಲಾ ಬರದು ಮ್ಯಾಲೆ ಕಳಸ್ತೀನಿ. ನಿಮಗ ತ್ರಾಸ ಆಗಬಹುದು."

"ಕಳಿಸು ಮಗಾ. ನಾನೂ ಇಲ್ಲಿ ಬರೀತೇನೆ."

ಸುಗಂಧಿ ಹೇಳಿಕಳಿಸಿದ ಕೂಡಲೇ ಹವ್ವಾ ಆಸ್ಪತ್ರೆಗೆ ಬಂದಳು. ನೋವಿಲ್ಲ, ರಕ್ತಸ್ರಾವವಿಲ್ಲ, ನಗುನಗುತ್ತ ಮೆಟ್ಟಿಲು ಹತ್ತಿ ಬಂದಳು. ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ಬಾಳಿಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಿಸ್ಟರ್, ಚೆನ್ನಾಗಿರುವ ಹೆಂಗಸನ್ನು ಕಾರ್ಡ್ ಇಲ್ಲದೆ ದಾಖಲು ಮಾಡ್ಲಿಕ್ಕೆ ನನಗೆ ಅಧಿಕಾರ ಇಲ್ಲ. ಕಾರಣ ಎಂಥ ಅಂತ ಬರೀಲಿ?"

ಸುಗಂಧಿ ಕೇಸ್‌ಪೇಪರ್ ಎಳೆದುಕೊಂಡು ತಾನೇ ಬರೆದಳು: 'ಇನ್ನೂ ಅಪಾಯವಾಗಿಲ್ಲ. ಆಗಲಿದೆ.' ಕೆಳಗೆ ತನ್ನ ಹೆಸರು ಹಾಕಿದಳು. ಡಾಕ್ಟರ್ ಬಾಳಿಗ ಆ ಎರಡು ವಾಕ್ಯವನ್ನು ಎರಡು ಸಲ ಓದಿದರು. ನಂತರ ಅದರ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ನಾಲ್ಕನೆಯ ದಿನ ರಾಜ್ಯದ ವೆಚ್ಚ ಪರೀಕ್ಷಕಿ ಕಾತ್ಯಾಯಿನಿ ಅರಸು ಬಂದರು. ಬೂದುಬಣ್ಣದ ಸೀರೆ, ಕಡಿಮೆ ಮಾತು. ಈರಣ್ಣನದು, ಸುಗಂಧಿಯದು, ಎರಡೂ ಪತ್ರಗಳನ್ನು ಓದಿಕೊಂಡೇ ಬಂದಿದ್ದರು.

"ಮೂರು ತಪ್ಪುಗಳಿವೆ," ಎಂದರು. "ಗುಜರಿ ಸಾಮಾನು ಹೊರಗೆ ಹೋಗಿದೆ. ಕಾರ್ಡ್ ಇಲ್ಲದವರಿಗೆ ಪಟ್ಟಿ ಕಟ್ಟಿದ್ದೀರಿ. ಆರೋಗ್ಯವಾಗಿರೋರಿಗೆ ಹಾಸಿಗೆ ಕೊಟ್ಟಿದ್ದೀರಿ. ನೀವು ಒಪ್ಪುತ್ತೀರಾ?"

"ಒಪ್ತೇನೆ ಮೇಡಂ."

"ಈ ಸೆಸ್ ಕೊಡೋರಲ್ಲಿ ಸೊಪ್ಪು ಮಾರೋರೂ ಇದ್ದಾರೆ, ಸಿಸ್ಟರ್. ಅವರ ದುಡ್ಡು ಎಲ್ಲಿ ಹೋಯ್ತು ಅಂತ ಅವರ ಪರವಾಗಿ ಕೇಳೋದು ನನ್ನ ಕೆಲಸ. ಈಕೆಯನ್ನ ಇವತ್ತು ಸಂಜೆಯೊಳಗೆ ಮನೆಗೆ ಕಳಿಸಿ ಅಂತ ಹೇಳಬೇಕಾಗುತ್ತೆ."

"ನೀವು ಕೇಳೂದು ಸರಿಯೇ. ನನ್ನ ಗಂಡನೂ ಅದನ್ನೇ ಕೇಳಿದ್ದು," ಎಂದಳು ಸುಗಂಧಿ. "ಮನೆಗೆ ಕಳಿಸಿದ್ರೆ ನಾಲ್ಕೈದು ದಿನದಲ್ಲಿ ಇವಳು ಮೀನಿನ ಗಾಡಿಯಲ್ಲಿ ವಾಪಸ್ ಬರ್ತಾಳೆ. ಆಗ ಹತ್ತೊಂಬತ್ತು ದಿನಕ್ಕೆ ನೀವೇ ಹಣ ಮಂಜೂರು ಮಾಡ್ತೀರಿ. ಇವಳ ಅಕ್ಕನಿಗೆ ಮಾಡಿದ್ದೀರಿ. ಮಗುವನ್ನು ಮಾತ್ರ ಯಾರೂ ಮಂಜೂರು ಮಾಡ್ಲಿಕ್ಕೆ ಆಗೂದಿಲ್ಲ. ಒಂದು ಸಲ ಕೇಳಿ ಮೇಡಂ. ಆಮೇಲೆ ಹೇಳಿ."

ಸುಗಂಧಿ ಪಟ್ಟಿಯ ಸದ್ದು ಕೇಳಿಸುವ ಇಯರ್‌ಫೋನು ಕೊಟ್ಟಳು. ಮೊದಲು ಪಕ್ಕದ ಹಾಸಿಗೆಯ, ಕಾರ್ಡ್ ಇದ್ದ ಬಸುರಿಯ ಸದ್ದು: ದೂರದ ತೆರೆಯಂತೆ ಮೊಬ್ಬಾಗಿ. ಆಮೇಲೆ ಹವ್ವಾಳದ್ದು. ಕಾತ್ಯಾಯಿನಿಯವರು ಕಣ್ಣು ಮುಚ್ಚಿದರು. ಒಂದರ ಬೆನ್ನಿಗೆ ಇನ್ನೊಂದು ಬಡಿತ ಅವರಿಗೂ ಕೇಳಿಸಿತು.

"ನಿಮ್ಮ ಯಂತ್ರ ತಪ್ಪಾಗಿದ್ದರೆ?"

"ಈ ಹಾಸಿಗೆಯ ಖರ್ಚು ನನ್ನ ಸಂಬಳದಿಂದ ಹಿಡೀರಿ."

"ಇನ್ನೊಂದು ಪ್ರಶ್ನೆ. ಈ ಹೆಂಗಸರಿಂದ ನಮ್ಮ ಹೆಂಗಸರಿಗೂ ಉಪಯೋಗವಾಯ್ತು, ಅದಕ್ಕೇ ಇವರಿಗೆ ಪಟ್ಟಿ ಕೊಡಬೇಕು ಅಂತ ದಾವಣಗೆರೆಯ ಹುಡುಗ ಬರೆದಿದ್ದಾನೆ. ನಿಮ್ಮ ಕಾರಣವೂ ಅದೇನಾ?"

ಸುಗಂಧಿ ಹವ್ವಾಳ ಕಡೆ ನೋಡಿದಳು. ಅವಳು ಕಿಟಕಿಯ ಹತ್ತಿರ ಕೂತು ಅಕ್ಕ ತಂದ ತೆಂಗಿನಕಾಯಿ ರೊಟ್ಟಿ ತಿನ್ನುತ್ತಿದ್ದಳು.

"ಉಪಯೋಗ ಆಗ್ತದೆ ಅಂತ ನನಗೆ ಸೆಪ್ಟೆಂಬರಿನಲ್ಲಿ ಗೊತ್ತಿರಲಿಲ್ಲ ಮೇಡಂ. ಆಗದಿದ್ರೂ ನಾನು ಇದನ್ನೇ ಮಾಡ್ತಿದ್ದೆ. ಅದನ್ನೂ ಬರ್ಕೊಳ್ಳಿ."

ಕಾತ್ಯಾಯಿನಿಯವರು ಬರೆದುಕೊಂಡರು. ಆದೇಶ ಹೊರಡಿಸಲಿಲ್ಲ. ಊರಿನ ಪ್ರವಾಸಿ ಬಂಗಲೆಯಲ್ಲಿ ಕೋಣೆ ಹಿಡಿದು, ದಿನವೂ ಬೆಳಿಗ್ಗೆ ವಾರ್ಡಿಗೆ ಬಂದು ಕಡತ ಬಿಡಿಸಿಕೊಂಡು ಕೂರತೊಡಗಿದರು. ಐದನೆಯ ದಿನ ಏನೂ ಆಗಲಿಲ್ಲ. ಆರನೆಯ ದಿನವೂ ಇಲ್ಲ. ಕೂಡಲೇ ಶಸ್ತ್ರಚಿಕಿತ್ಸೆ ಮಾಡಬಹುದಲ್ಲ ಎಂದು ಅವರು ಕೇಳಿದಾಗ, ಹೊಟ್ಟೆಯೊಳಗೆ ಕಳೆಯುವ ಒಂದೊಂದು ದಿನವೂ ಮಗುವಿನ ಶ್ವಾಸಕೋಶಕ್ಕೆ ಬಲ ಎಂದು ಡಾಕ್ಟರ್ ಬಾಳಿಗ ವಿವರಿಸಿದರು. ಶಸ್ತ್ರಚಿಕಿತ್ಸೆಯ ಕೊಠಡಿ ಸದಾ ಸಿದ್ಧವಿತ್ತು. ಹವ್ವಾಳಿಗೆ ಹೊಂದುವ ರಕ್ತ ತಂಪುಪೆಟ್ಟಿಗೆಯಲ್ಲಿತ್ತು.

ಏಳನೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ ಹವ್ವಾಳ ಪಟ್ಟಿ ಕಂಪಿಸಿತು. ಅದೇ ಗಳಿಗೆ ಸುಗಂಧಿಯ ಫೋನು ಬಡಿದುಕೊಂಡಿತು.

"ಈಗ್ರಿ ಅಕ್ಕಾರ. ಶುರುವಾತು."

ಹವ್ವಾ ಹೊಟ್ಟೆ ಹಿಡಿದು ಮುಖ ಎತ್ತಿದಳು. ನೋವು ಆಗಷ್ಟೇ ತಿಳಿದಿತ್ತು. ಸುಗಂಧಿ ಅವಳ ಭುಜ ಹಿಡಿದು, "ಹೆದರ್ಬೇಡ ಮಗಾ, ನಾವು ನಿನಗಿಂತ ಮೊದಲು ಬಂದಿದ್ದೇವೆ," ಎಂದಳು. ಹಾಸಿಗೆಯ ಗಾಲಿಗಳು ತಿರುಗಿದವು. ಕಾತ್ಯಾಯಿನಿಯವರು ಕುರ್ಚಿ ಸರಿಸಿ ದಾರಿ ಬಿಟ್ಟರು, ಆಮೇಲೆ ಶಿಫಾನಾಳ ಜೊತೆ ಮುಚ್ಚಿದ ಬಾಗಿಲ ಮುಂದೆ ಬಂದು ನಿಂತರು. ಶಿಫಾನಾ ಅವರ ಕೈ ಹಿಡಿದುಕೊಂಡಳು. ಅವರು ಯಾರೆಂದು ಅವಳಿಗೆ ತಿಳಿದಿರಲಿಲ್ಲ. ಅವರು ಕೈ ಬಿಡಿಸಿಕೊಳ್ಳಲಿಲ್ಲ.

ಹನ್ನೊಂದು ನಿಮಿಷ. ಒಳಗಿನಿಂದ ಅಳು ಕೇಳಿಸಿತು, ಗಟ್ಟಿಯಾಗಿ, ಸಿಟ್ಟಿನಿಂದ. ಹೆಣ್ಣುಮಗು, ಎರಡು ಕಿಲೋ ಮುನ್ನೂರು ಗ್ರಾಂ. ಮಾಸಿನ ಒಂದು ಅಂಚು ಮಾತ್ರ ಬಿಟ್ಟಿತ್ತು, ಈರಣ್ಣ ಹೇಳಿದ್ದ ಜಾಗದಲ್ಲೇ. ತಂಪುಪೆಟ್ಟಿಗೆಯ ರಕ್ತ ಬೇಕಾಗಲಿಲ್ಲ. ತೀವ್ರ ನಿಗಾ ಘಟಕವೂ ಬೇಕಾಗಲಿಲ್ಲ. ಶಿಫಾನಾ ಮಗುವನ್ನು ಎತ್ತಿಕೊಂಡು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು. ಸುಗಂಧಿ ಹೊರಗೆ ಬಂದು ಅವಳ ಪಕ್ಕ ಕೂತಳು. ಇಬ್ಬರೂ ಅತ್ತರು. ಸೆಪ್ಟೆಂಬರಿನ ಆ ಬೆಳಿಗ್ಗೆಯಿಂದ ಇಬ್ಬರೂ ಹಾಗೆ ಅತ್ತಿರಲಿಲ್ಲ.

ಕಾತ್ಯಾಯಿನಿಯವರು ಕಾರಿಡಾರಿನ ಕೊನೆಗೆ ಹೋಗಿ ದಾವಣಗೆರೆಗೆ ಫೋನು ಮಾಡಿದರು.

"ಈರಣ್ಣ ಅನ್ನೋರು ಯಾರು? ನೀವೇನಾ? ನಿಮ್ಮ ಹೊಸ ಕಿವಿಯನ್ನ ರಾಜ್ಯದ ಎಲ್ಲ ಪಟ್ಟಿಗೂ ಹಾಕೋಕೆ ಎಷ್ಟು ಹೊತ್ತು ಬೇಕು?"

"ಗುಂಡಿ ಒತ್ತೂದಷ್ಟ ಐತ್ರಿ ಮೇಡಂ. ಅಪ್ಪಣಿ ಬೇಕು."

"ನಾನು ಕೊಡ್ತಿದ್ದೀನಿ. ನನ್ನ ಹೆಸರು ಬರ್ಕೊಂಡು ಒತ್ತಿ."

ಕೊಠಡಿಯ ಗೋಡೆಯಗಲದ ನಕಾಶೆಯಲ್ಲಿ ಒಂದೂವರೆ ಲಕ್ಷ ಹಸಿರು ದೀಪಗಳಿದ್ದವು. ಈರಣ್ಣ ಒತ್ತಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಬೀದರಿನ ಬಳಿ ಒಂದು ಹಸಿರು ದೀಪ ಕೆಂಪಾಯಿತು. ಚಾಮರಾಜನಗರದಲ್ಲಿ ಒಂದು. ರೋಣದ ಹತ್ತಿರ ಒಂದು. ಒಂದು ತಾಸಿನಲ್ಲಿ ಇಪ್ಪತ್ತಾರು. ಏನೂ ಆಗಿಲ್ಲವೆಂದು ರೊಟ್ಟಿ ಬಡಿಯುತ್ತಲೋ, ಬಸ್ಸಿಗೆ ಕಾಯುತ್ತಲೋ ಇದ್ದ ಇಪ್ಪತ್ತಾರು ಹೆಂಗಸರು. ಅವರಿಗೆಲ್ಲ ಇನ್ನೂ ದಿನಗಳಿದ್ದವು, ಹಿಂದಿನಂತೆ ನಿಮಿಷಗಳಲ್ಲ. ಕೊಠಡಿಯ ತಂತ್ರಜ್ಞರೆಲ್ಲ ಎದ್ದು ನಿಂತು ಫೋನಿನ ಮೇಲೆ ಫೋನು ಮಾಡತೊಡಗಿದರು. ಆ ಇಪ್ಪತ್ತಾರೂ ತಾಯಂದಿರು ಉಳಿದರು; ಇಪ್ಪತ್ತೈದು ಮಕ್ಕಳು ಉಳಿದವು.

ಸುಗಂಧಿಗೆ ಒಂದು ತಿಂಗಳ ಅಮಾನತು ಆಯಿತು, ನಿಯಮ ಮುರಿದದ್ದಕ್ಕೆ. ಆದೇಶಕ್ಕೆ ಸಹಿ ಹಾಕಿದವರು ಕಾತ್ಯಾಯಿನಿಯವರೇ. ಅದೇ ದಿನ ಅದೇ ಲೇಖನಿಯಿಂದ ನಿಯಮ ಬದಲಿಸುವ ಶಿಫಾರಸನ್ನೂ ಬರೆದರು: ಈ ನಾಡಿನ ನೆಲದಲ್ಲಿರುವ ಯಾವ ಬಸುರಿಗೂ ಪಟ್ಟಿ ಕಟ್ಟಲು ಕಾರ್ಡ್ ಕೇಳಬಾರದು. ವಿಧಾನಸಭೆಯಲ್ಲಿ ಜೂನಿನಲ್ಲಿ ಜಗಳವಾಯಿತು, ಜುಲೈಯಲ್ಲಿ ಅದು ಕಾನೂನಾಯಿತು. ಸರ್ಕಾರ ಎಲ್ಲ ಪಟ್ಟಿಗೂ ವಾಮನನ ಅಂಟನ್ನೇ ಹಚ್ಚಿಸಿತು; ಅವು ಎರಡು ಪಟ್ಟು ಬಾಳಿಕೆ ಬರುವುದರಿಂದ ಯಾರ ಪಾಲಿನದೂ ಕಡಿಮೆಯಾಗಲಿಲ್ಲ. ಆಚೆ ದಡದಲ್ಲಿ ಪಟ್ಟಿ ಕಟ್ಟುವ ಕೆಲಸಕ್ಕೆ ಸರ್ಕಾರ ಸಂಬಳ ಕೊಟ್ಟು ನೇಮಿಸಿದ್ದು ಹವ್ವಾಳನ್ನು.

ಸೆಪ್ಟೆಂಬರಿನಲ್ಲಿ ರೋಣದ ಕಡೆಯಿಂದ ನೀಲವ್ವ ಹಾದಿಮನಿ ಎಂಬ ಹೆಂಗಸು ಒಂಬತ್ತು ತಾಸು ಬಸ್ಸಿನಲ್ಲಿ ಕೂತು ಕೋಡಿಪಡುವಿಗೆ ಬಂದಳು. ಕಂಕುಳಲ್ಲಿ ಆರು ತಿಂಗಳ ಗಂಡುಮಗು. ಹೊಸ ಕಿವಿ ಹಚ್ಚಿದ ಮೊದಲ ತಾಸಿನಲ್ಲಿ ಕೆಂಪಾದ ದೀಪಗಳಲ್ಲಿ ಒಂದು ಅವಳದು. ಸುಗಂಧಿ ಅವಳನ್ನು ದೋಣಿಯಲ್ಲಿ ಆಚೆ ದಡಕ್ಕೆ ಕರೆದುಕೊಂಡು ಹೋದಳು.

ಹವ್ವಾ ಮನೆಯ ಮುಂದೆ ಮಗಳಿಗೆ ಹಾಲು ಕುಡಿಸುತ್ತಿದ್ದಳು. ನೀಲವ್ವ ಚೀಲದಿಂದ ತಾನೇ ಹೊಲಿದ ಕುಂಚಿಗೆ ತೆಗೆದಳು. ಇಳಕಲ್ ಸೀರೆಯ ತುಂಡು, ಅಂಚಿಗೆ ಸಣ್ಣ ಕನ್ನಡಿ. ಅದನ್ನು ಹವ್ವಾಳ ಮಗಳ ತಲೆಗೆ ಹಾಕಿ ಗಂಟು ಕಟ್ಟಿದಳು.

"ನಿನ್ನ ಹೊಟ್ಟಿ ಸಪ್ಪಳಾ ಕೇಳಿ ನನ್ನ ಕೂಸು ಉಳೀತಂತ್ ತಂಗಿ," ಎಂದಳು. "ನಿನ್ನ ಮಾರಿ ನೋಡಬೇಕನ್ನಸ್ತು. ಅದಕ್ಕ ಬಂದೆ."

ಆ ಮಾತಿನಲ್ಲಿ ಹವ್ವಾಳಿಗೆ ಅರ್ಧವೇ ತಿಳಿಯಿತು. ಅವಳು ಚಾಪೆಯ ಮೇಲೆ ಸರಿದು ಜಾಗ ಬಿಟ್ಟಳು. ನೀಲವ್ವ ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡು ತನ್ನ ಮಗುವನ್ನೂ ಎದೆಗೆ ಹಚ್ಚಿಕೊಂಡಳು. ಎರಡೂ ಮಕ್ಕಳು ಬಿಸಿಲಲ್ಲಿ ಕಣ್ಣುಮುಚ್ಚಿ ಹಾಲು ಕುಡಿದವು.